ಕಂಠೆಪ್ಪನ ಕಾರು ನಿಲ್ಲುವುದಿಲ್ಲ

ಕಂಠೆಪ್ಪನ ಕಾರು ಓಡುವುದರ ಬಗ್ಗೆ ಯಾರದೂ ತಕರಾರಿರಲಿಲ್ಲ. ಓಡುತ್ತಿತ್ತು. ಏರು ಹತ್ತುತ್ತಿತ್ತು, ಇಳಿಜಾರಿನಲ್ಲಂತೂ ಕೇಳುವುದೇ ಬೇಡ. ತಕರಾರಿದ್ದದ್ದು ನಿಲ್ಲುವ ವಿಷಯದಲ್ಲಿ. ಎಂಜಿನ್ ಕಾದ ಮೇಲೆ ರೇಸಿನ ಮೇಲಿಂದ ಒಂದು ಗಳಿಗೆ ಕಾಲು ತೆಗೆದರೆ ಸಾಕು, ಕಾರು ಚಳಿಜ್ವರ ಬಂದವರಂತೆ ಗಡಗಡ ನಡುಗಿ, ಎರಡು ಸಲ ಕೆಮ್ಮಿ, ಸುಮ್ಮನಾಗಿಬಿಡುತ್ತಿತ್ತು. ಹಾಗೆ ಸುಮ್ಮನಾದದ್ದು ಪೂರ್ತಿ ತಣ್ಣಗಾಗುವವರೆಗೆ, ಅಂದರೆ ಮುಕ್ಕಾಲು ತಾಸು, ಯಾರು ಕರೆದರೂ ಏಳುತ್ತಿರಲಿಲ್ಲ.

ಈ ಸಂಗತಿ ಗೋವಾದ ಝುವಾರಿನಗರದಲ್ಲಿ ಮೊದಮೊದಲು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಕಂಠೆಪ್ಪ, ಇನ್ನೊಬ್ಬಾಕೆ ಅವನ ಹೆಂಡತಿ ಸಾವಂತ್ರೆವ್ವ.

ಇಪ್ಪತ್ತೆಂಟು ವರ್ಷದ ಹಿಂದೆ ಬಾದಾಮಿ ಕಡೆಯಿಂದ ವಾಸ್ಕೋ ಬಂದರಿನಲ್ಲಿ ಮೂಟೆ ಹೊರಲು ಬಂದ ಕಂಠೆಪ್ಪ ಈಗ ಸ್ಲ್ಯಾಬಿಗೆ ಹಲಗೆ ಕಟ್ಟುವ ಹನ್ನೆರಡು ಮಂದಿಯ ಮೇಲೆ ಮೇಸ್ತ್ರಿ. ಚಿಕಾಳೆಯಲ್ಲಿ ಒಬ್ಬ ನಿವೃತ್ತ ಮಾಸ್ತರರ ಕಂಪೌಂಡು ಗೋಡೆ ಕಟ್ಟಿಸುವಾಗ ಹಲಸಿನ ಮರದ ಕೆಳಗೆ ತಾಡಪತ್ರಿ ಹೊದ್ದು ಮಲಗಿದ್ದ ಆ ಕಾರು ಕಣ್ಣಿಗೆ ಬಿತ್ತು. ಇಪ್ಪತ್ತೈದು ದಾಟಿದ ವಯಸ್ಸು, ಬಿಳಿಯದೆಂದು ಊಹಿಸಬಹುದಾದ ಬಣ್ಣ. ಮಾಸ್ತರರು ಕೊಟ್ಟರು, ಇವನು ತಂದ. ತಂದ ದಿನ ಓಣಿಗೆ ಓಣಿಯೇ ನೆರೆಯಿತು. ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು ಒಡೆದವು. ಆಗ ಯಾರೋ "ಗಾಡಿ ಹೆಂಗೈತಿ ಮೇಸ್ತ್ರಿ?" ಎಂದು ಕೇಳಿದರು. ಗುಂಪು ದೊಡ್ಡದಿತ್ತು, ಕೊರಳಲ್ಲಿ ಚೆಂಡುಹೂವಿನ ಹಾರವಿತ್ತು. ಕಂಠೆಪ್ಪ ಅಂದುಬಿಟ್ಟ: "ಹೊಸಾದ್ರಂಗ ಐತಿ. ಮಾಸ್ತರು ಐತವಾರಕ್ಕೊಮ್ಮೆ ಇಗರ್ಜಿಗೆ ಅಷ್ಟ ಒಯ್ತಿದ್ರಂತ."

ಮನುಷ್ಯ ನೂರು ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದು. ಆದರೆ ತನ್ನ ವಾಹನದ ಬಗ್ಗೆ ಹೇಳಿದ್ದನ್ನು ದಿನಾ ಬೆಳಗಾದರೆ ಓಣಿಯ ಮುಂದೆ ಚಾಲೂ ಮಾಡಿ ತೋರಿಸಬೇಕಾಗುತ್ತದೆ. ನಾಲ್ಕನೆಯ ದಿನವೇ ಕಾರು ತನ್ನ ಗುಣ ತೋರಿಸಿತು. "ಹೊಸಾದ್ರಂಗ" ಎಂದ ಬಾಯಿಯಿಂದಲೇ "ನಿಂದರಂಗಿಲ್ಲ" ಎನ್ನಲು ಕಂಠೆಪ್ಪನಿಗೆ ನಾಚಿಕೆಯಾಯಿತು. ಮನೆ ದಿಬ್ಬದ ಮೇಲಿದ್ದುದು ಅವನ ಪುಣ್ಯ. ಏರಿನಲ್ಲಿ ಗೇರು ಬಿಡಿಸಿ ರೇಸು ಒತ್ತಿ ಹಿಡಿದರೆ ಗಾಡಿ ತಾನಾಗಿಯೇ ಮೆತ್ತಗೆ ನಿಲ್ಲುತ್ತಿತ್ತು. ಹಿಂದಕ್ಕೆ ಜಾರುವ ಮೊದಲು ಸಾವಂತ್ರೆವ್ವ ಓಡಿಬಂದು ಗಾಲಿಗೆ ಕಲ್ಲು ಕೊಡುತ್ತಿದ್ದಳು. ಹ್ಯಾಂಡ್‌ಬ್ರೇಕು ಕೈಯಲ್ಲಿ ಹಿಡಿಯಲು ಇತ್ತೇ ಹೊರತು ಗಾಡಿಯನ್ನು ಹಿಡಿಯಲು ಅಲ್ಲ. ಸಮತಟ್ಟಿನಲ್ಲಾದರೆ ನಿಲ್ಲಿಸಲು ಬ್ರೇಕು ತುಳಿಯಬೇಕು, ಬ್ರೇಕಿಗೆ ಹೋಗಲು ಕಾಲು ರೇಸು ಬಿಡಬೇಕು. ಅಷ್ಟರಲ್ಲಿ ಮುಗಿಯಿತು.

ಆದ್ದರಿಂದ ಕಂಠೆಪ್ಪ ಸಮತಟ್ಟಿನಲ್ಲಿ ಯಾರಿಗೂ ಗಾಡಿ ನಿಲ್ಲಿಸುವುದನ್ನು ಬಿಟ್ಟ.

ದಿಬ್ಬದ ಕೆಳಗೆ ಇಸ್ಮಾಯಿಲನ ಚಹಾದ ಗಾಡಾ. ಹದಿನೈದು ವರ್ಷದಿಂದ ಕಂಠೆಪ್ಪನ ಬೆಳಗು ಅಲ್ಲೇ ಆಗುತ್ತಿತ್ತು. ಈಗ ಸಂಜೆ ಕೆಲಸದಿಂದ ಮರಳುವಾಗ ಇಸ್ಮಾಯಿಲ ಗ್ಲಾಸು ಎತ್ತಿ ಕರೆದರೆ ಕಂಠೆಪ್ಪ ಕಿಟಕಿಯಿಂದ ಕೈಯೆತ್ತಿ ಮುಂದೆ ಹೋಗುತ್ತಿದ್ದ.

"ನೋಡ್ರಿ, ಮಂತ್ರಿ ಹೋದಂಗ ಹೋಗ್ತಾನ," ಎಂದ ಇಸ್ಮಾಯಿಲ ಚಹಾ ಸೋಸುತ್ತ. "ಕೈ ಅಷ್ಟ ಎತ್ತತಾನ. ಹಾರ ಹಾಕಾಕ ಬರ್‍ರಿ ಅಂತಾನೋ ಏನೋ."

ಬೋಗ್ಮಾಳೊ ಬೀಚಿನಲ್ಲಿ ಮಣಿಸರ ಮಾರುವ ಭೀಮಿಬಾಯಿ ತಲೆಯ ಮೇಲೆ ಗಂಟು ಹೊತ್ತು ಬಿಸಿಲಲ್ಲಿ ಬರುತ್ತಿದ್ದಾಗ ಕಂಠೆಪ್ಪನ ಕರುಳು ಚುರ್ರೆಂದಿತು. ಎರಡನೇ ಗೇರಿಗೆ ಇಳಿಸಿ, ಕೈ ಚಾಚಿ ಎಡಗಡೆಯ ಬಾಗಿಲು ತೆರೆದು ಕೂಗಿದ: "ಭೀಮಿಬಾಯಿ, ಓಡಿಕೋತ ಹತ್ತು! ಬಾಗಲಾ ತಗದೈತಿ!"

ಭೀಮಿಬಾಯಿ ಹತ್ತು ಹೆಜ್ಜೆ ಓಡಿದಳು. ಹನ್ನೊಂದನೆಯದಕ್ಕೆ ಗಂಟು ಬಿಚ್ಚಿ ಮಣಿಗಳು ರಸ್ತೆಗುಂಟ ಉರುಳಿದವು. ಸೊಂಟದ ಮೇಲೆ ಕೈಯಿಟ್ಟು ನಿಂತು ಅವಳು ಕೂಗಿದ್ದು ದಿಬ್ಬದ ಮೇಲಿನವರೆಗೂ ಕೇಳಿತು: "ನಾ ಏನ್ ಕಳ್ಳಿ ಏನೋ, ಓಡಿಕೋತ ಹತ್ತಾಕ? ಕಾರ್ ಬಂದ್ರ ಮಂದೀನ್ನ ಓಡಸ್ತಾರೇನು?"

ನಳದ ಮುಂದಿನ ಸಾಲಿನಲ್ಲಿ ಸಾವಂತ್ರೆವ್ವನಿಗೆ ಇದೆಲ್ಲ ಬಡ್ಡಿ ಸಮೇತ ಕೇಳಿಸಿತು. ಕಂಠೆಪ್ಪನಿಗೆ ಸೊಕ್ಕು ಬಂದೈತಿ. ಕಂಠೆಪ್ಪನಿಗೆ ನೆಲ ಕಾಣವಲ್ದು. ಮನೆಗೆ ಬಂದವಳೇ ಕೊಡ ಕುಕ್ಕಿದಳು.

"ಗಾಡಿ ಕೆಟ್ಟೈತಿ ಅಂತ ಒಂದ್ ಮಾತು ಹೇಳಿಬಿಡ್ರಿ. ಮುಗೀತದ."

"ಹೆಂಗ ಹೇಳ್ಲಿ? ಹೊಸಾದ್ರಂಗ ಐತಿ ಅಂದೀನಿ."

"ಸೊಕ್ಕಿನಾಂವ ಅನ್ನಿಸಿಕೊಳ್ಳೂದು ಚಲೋ ಏನು?"

ಕಂಠೆಪ್ಪ ಯೋಚಿಸಿದ. ಕೆಟ್ಟ ಕಾರು ಕೊಂಡವನು ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಅನ್ನಿಸಿಕೊಳ್ಳುವುದರಲ್ಲಿ ಒಂದಿಷ್ಟು ಮರ್ಯಾದೆ ಇದೆಯೆಂದು ಅವನಿಗೆ ತೋರಿತು. ಆದರೆ ಅದನ್ನು ಬಾಯಿಬಿಟ್ಟು ಹೇಳದೆ ಗ್ಯಾರೇಜಿಗೆ ಹೋದ.

ಗ್ಯಾರೇಜು ಇದ್ದದ್ದು ಮನೆಯಿಂದ ಇನ್ನೂರು ಹೆಜ್ಜೆಗೆ. ಮೋತಿಲಾಲ ಎಂಬ ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, "ಏಕ್‌ದಮ್ ಮಸ್ತ್ ಹೈ ಚಾಚಾ," ಎಂದ. ಆಗಷ್ಟೇ ಎದ್ದ ತಣ್ಣನೆಯ ಎಂಜಿನ್ನು ಸಂಭಾವಿತನಂತೆ ಗುರುಗುಡುತ್ತಿತ್ತು. "ಕಾದ ಮ್ಯಾಲ ನಡಗತೈತಿ," ಎಂದ ಕಂಠೆಪ್ಪ. "ಹಾಗಾದರೆ ಕಾಯಿಸಿಕೊಂಡು ಬಾ," ಎಂದ ಮೋತಿಲಾಲ. ಕಂಠೆಪ್ಪ ವಾಸ್ಕೋವರೆಗೆ ಹೋಗಿ ಕಾಯಿಸಿಕೊಂಡು ಬಂದ. ಗ್ಯಾರೇಜಿನ ಮುಂದೆ ಬ್ರೇಕು ತುಳಿದ. ಕಾರು ಸತ್ತಿತು. ಚಾಲೂ ಇಲ್ಲದ ಗಾಡಿಯ ನಡುಗನ್ನು ಮೋತಿಲಾಲ ನೋಡುವುದು ಹೇಗೆ? ಮುಕ್ಕಾಲು ತಾಸು ಇಬ್ಬರೂ ಬೀಡಿ ಸೇದಿದರು. ತಣ್ಣಗಾದ ಮೇಲೆ ಕಾರು ಎದ್ದಿತು. ಏಕ್‌ದಮ್ ಮಸ್ತ್.

ಮೂರು ಸಲ ಹೀಗಾಯಿತು. ಮೊದಲನೆಯ ಸಲ ಮೋತಿಲಾಲ ಪ್ಲಗ್ಗು ಬದಲಿಸಿದ, ಎರಡನೆಯ ಸಲ ಕಾರ್ಬೋರೇಟರು ಬಿಚ್ಚಿ ತೊಳೆದ. ಮೂರನೆಯ ಸಲ ಬಿಚ್ಚಲು ಏನೂ ಉಳಿಯದೆ ಗಲ್ಲ ಕೆರೆದುಕೊಂಡು ಹೇಳಿದ: "ಚಾಚಾ, ಟೈಮಿಂಗ್ ಠೀಕ್ ನಹೀ ಲಗತಾ."

ನಾಲ್ಕನೆಯ ಸಲ ಹೋಗುವ ತಾಳ್ಮೆ ಕಂಠೆಪ್ಪನಿಗೆ ಉಳಿದಿರಲಿಲ್ಲ. ಮೋತಿಲಾಲ ಅಂದದ್ದನ್ನು ದಣಿದ ದನಿಯಲ್ಲಿ ಹೆಂಡತಿಗೆ ಮುಟ್ಟಿಸಿದ: "ಟೈಮ್ ಸರಿ ಇಲ್ಲಂತ."

ಸಾವಂತ್ರೆವ್ವನ ಕೈ ರೊಟ್ಟಿಯ ಮೇಲೆ ನಿಂತಿತು. "ನಮ್ದು ಟೈಮ್ ಸರಿ ಇಲ್ಲಂತ ಆ ಮೋತಿಲಾಲಗ ಹೆಂಗ ತಿಳೀತು?" ಅಂದಿನಿಂದ ಅವಳು ಶನಿವಾರ ಉಪವಾಸ ಹಿಡಿದಳು.

ಟೈಮು ಸರಿ ಇರಲೇಬೇಕಾದ ಕಾಲವೂ ಅದೇ ಆಗಿತ್ತು. ಮಗಳು ಗೀತಾಂಜಲಿಗೆ ಸಾಂಖಳಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಸೋಮು, ನಮ್ಮ ಕಡೆಯವನೇ. ಒಂದು ಐತವಾರ ಮಧ್ಯಾಹ್ನ ಬೀಗರು ಮಾತು ಮುಗಿಸಲು ಬರುವವರಿದ್ದರು. ಸೋದರಮಾವನಿಲ್ಲದೆ ಅಂಥ ಮಾತು ಮುಗಿಯುವುದಿಲ್ಲ. ಸಾವಂತ್ರೆವ್ವನ ತಮ್ಮ ಮಾಂತೇಶ ಮಡ್ಕಯಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅವನೂ ಅವನ ಹೆಂಡತಿ ಅಂಬಿಕಾಳೂ ಬಸ್ಸಿನಲ್ಲಿ ಬಂದು ಹೆದ್ದಾರಿಯ ಸರ್ಕಲ್ಲಿನಲ್ಲಿ ಇಳಿಯುತ್ತೇವೆ ಎಂದರು. "ನಾನ ಕಾರ್ ತರ್ತೀನಿ," ಎಂದ ಕಂಠೆಪ್ಪ. ಸಾವಂತ್ರೆವ್ವ ಹಣೆ ಮುಟ್ಟಿಕೊಂಡಳು.

ವಾಸ್ಕೋ ಮಾರ್ಕೆಟ್ಟಿನಲ್ಲಿ ಹೂವು ಹಣ್ಣು ಕೊಂಡು ಸರ್ಕಲ್ಲಿಗೆ ಬರುವಷ್ಟರಲ್ಲಿ ಕಾರು ಚೆನ್ನಾಗಿ ಕಾದಿತ್ತು. ಮಾಂತೇಶ ಇಸ್ತ್ರಿಯ ಅಂಗಿ ತೊಟ್ಟು, ಅಂಬಿಕಾ ದೊಡ್ಡ ಚೀಲ ಹಿಡಿದು ರಸ್ತೆಯ ಅಂಚಿಗೆ ನಿಂತಿದ್ದರು. ಸರ್ಕಲ್ಲು ಅಂಗೈಯಷ್ಟು ಸಮತಟ್ಟು. ಕಂಠೆಪ್ಪ ಅವರ ಮುಂದೆಯೇ ಹಾದುಹೋದ.

"ಮಾಂತೇಶಾ! ಗಾಡಿ..." ಎಂಬುದಷ್ಟೇ ಮೊದಲ ಸುತ್ತಿನಲ್ಲಿ ಕೇಳಿಸಿತು. ಮಾಂತೇಶ ನಗುತ್ತ ಕೈಬೀಸಿದ. ಮಾವ ತಿರುಗಿಸಿಕೊಂಡು ಬರುತ್ತಾನೆ ಎಂದುಕೊಂಡ. ತಿರುಗಿ ಬಂದ, ಹೌದು.

"...ನಿಂದರಂಗಿಲ್ಲ! ನಿಂದರಂಗಿಲ್ಲ!" ಎಂದು ಕೂಗುತ್ತ ಎರಡನೆಯ ಸುತ್ತೂ ಹೋದ.

ಮಾಂತೇಶನ ನಗೆ ಅರ್ಧಕ್ಕೆ ನಿಂತಿತು. ನಮ್ಮ ಮಾತಿನಲ್ಲಿ ಇದೊಂದು ತೊಂದರೆ: ನಿಲ್ಲದ್ದು ಗಾಡಿಯೋ ಗಾಡಿಯಲ್ಲಿ ಕೂತವನೋ ಎಂದು ಆ ಒಂದು ಪದದಿಂದ ತಿಳಿಯುವುದಿಲ್ಲ.

ಮೂರನೆಯ ಸುತ್ತಿನಲ್ಲಿ ಕಂಠೆಪ್ಪ ಹಿಂದಿನ ಬಾಗಿಲು ತೆರೆದಿಟ್ಟುಕೊಂಡು ಬಂದ. "ಓಡಿಕೋತ ಹತ್ತರಿ!" ಅಂಬಿಕಾ ಧೈರ್ಯದ ಹೆಣ್ಣು. ಸೆರಗು ಸಿಕ್ಕಿಸಿ ನಾಲ್ಕು ಹೆಜ್ಜೆ ಓಡಿ ಮೊದಲು ಚೀಲವನ್ನು ಒಳಗೆಸೆದಳು. ಇನ್ನು ತಾನು ಹತ್ತಬೇಕು, ಅಷ್ಟರಲ್ಲಿ ಹಿಂದಿನಿಂದ ಟ್ರಕ್ಕೊಂದು ಹಾರ್ನು ಹೊಡೆಯಿತು, ಕಂಠೆಪ್ಪ ಗಾಬರಿಯಾಗಿ ರೇಸು ಒತ್ತಿದ. ಚೀಲ ಹೋಯಿತು. ಅಂಬಿಕಾ ಉಳಿದಳು, ಒಂದು ಚಪ್ಪಲಿಯ ಮೇಲೆ.

ನಾಲ್ಕನೆಯ ಸುತ್ತಿಗೆ ಟ್ರಾಫಿಕ್ ಹವಾಲ್ದಾರ ಸೀಟಿ ಊದಿ, ಬದಿಗೆ ಬರುವಂತೆ ಕೈತೋರಿದ. "ಗಾಡಿ ಬಾಜೂಕ ಘೇ!" ಕಂಠೆಪ್ಪ ಕೈಮುಗಿದು ಮುಂದೆ ಹೋದ. ಐದನೆಯ ಸುತ್ತಿಗೆ ಹವಾಲ್ದಾರ ರಸ್ತೆಯ ನಡುವೆಯೇ ಬಂದು ಕಾಲು ಅಗಲಿಸಿ ನಿಂತ. ಬ್ರೇಕು ತುಳಿಯದೆ ಗತಿಯಿರಲಿಲ್ಲ. ಕಾರು ನಡುಗಿತು, ಕೆಮ್ಮಿತು, ಸರ್ಕಲ್ಲಿನ ನಟ್ಟನಡುವೆ ಪ್ರಾಣ ಬಿಟ್ಟಿತು.

ನಾಲ್ಕೂ ಕಡೆಯಿಂದ ಬಸ್ಸು ಲಾರಿಗಳು ಬಾಯಿ ಮಾಡತೊಡಗಿದವು. ದಂಡದ ಚೀಟಿ ಆಮೇಲೆ ಬರೆಯಬಹುದು, ಮೊದಲು ರಸ್ತೆ ತೆರವಾಗಬೇಕು. ಹವಾಲ್ದಾರ ಟೋಪಿ ಸರಿಮಾಡಿಕೊಂಡು, ಇಬ್ಬರು ಕ್ಲೀನರುಗಳನ್ನು ಕರೆದು, ತಾನೇ ಹಿಂದಿನಿಂದ ಕಾರು ತಳ್ಳಿದ. ಕಂಠೆಪ್ಪ ಒಳಗೆ ಕೂತು ಸ್ಟೇರಿಂಗು ಹಿಡಿದಿದ್ದ. ಸರಿಯಾಗಿ ಆ ಹೊತ್ತಿಗೆ ಎದುರುಗಡೆಯಿಂದ ಮಡ್ಕಯಿ ಕಡೆಗೆ, ಫೋಂಡಾಕ್ಕೆ ಮರಳುವ ಬಸ್ಸು ಹಾದುಹೋಯಿತು. ಅದರ ಕಿಟಕಿಯಲ್ಲಿ ಮಾಂತೇಶನ ಮುಖವಿತ್ತು.

ಅವತ್ತೇ ಸಂಜೆ ಅವನು ಅಕ್ಕನಿಗೆ ಫೋನಿನಲ್ಲಿ ಹೇಳಿದ ಮಾತು: "ನಿಂದರಂಗಿಲ್ಲ ಅಂತ ಬಾಯಿಬಿಟ್ಟ ಹೇಳಿದ್ರು, ಎರಡ ಸಲ. ಚೀಲ ಇಸಗೊಂಡು ಹೆಣಮಗಳನ್ನ ಬಿಟ್ಟು ಹೋದ್ರು. ಪೋಲೀಸರ ಕಡಿಂದ ಗಾಡಿ ತಳ್ಳಿಸ್ಕೋತ ಸಾಹೇಬ್ರ ಗತೆ ಕುಂತಿದ್ರು. ಅಷ್ಟ್ ದೊಡ್ಡವರ ಮನಿ ಕಾರ್ಯಕ್ಕ ನಾ ಯಾಕಕ್ಕಾ? ನಾ ಬರಂಗಿಲ್ಲ." ಆಮೇಲೆ ಅವನು ಫೋನು ಎತ್ತಲಿಲ್ಲ.

ಇತ್ತ ಬೀಗರು ಬಂದು, ಮನೆಯ ಯಜಮಾನನೂ ಇಲ್ಲದ, ಸೋದರಮಾವನೂ ಇಲ್ಲದ ಪಡಸಾಲೆಯಲ್ಲಿ ಎರಡೆರಡು ಸಲ ಚಹಾ ಕುಡಿದು ಎದ್ದಿದ್ದರು. ಸೋಮುವಿನ ತಂದೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಮೃದುವಾಗಿಯೇ ಹೇಳಿದ್ದರು: "ಸೋದರಮಾವ ಒಪ್ಪಿಗಿ ಕೊಟ್ಟ ಮ್ಯಾಲ ಫೋನ್ ಹಚ್ಚರಿ. ಮನಿಯಾಗ ಮನಸ್ತಾಪ ಇದ್ದಲ್ಲಿ ನಾವು ಅವಸರ ಮಾಡಂಗಿಲ್ಲ."

ಕಂಠೆಪ್ಪ ಸಂಜೆ ಮನೆ ಸೇರಿದಾಗ ಗೀತಾಂಜಲಿ ಮೂರು ತಾಸು ಉಟ್ಟು ಕೂತಿದ್ದ ಸೀರೆಯನ್ನು ಮಡಚುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಕಂಠೆಪ್ಪನಿಗೆ ಸುಲಭವಾಗುತ್ತಿತ್ತು.

"ಅಪ್ಪಾ," ಎಂದಳು, "ಮಾಮಾಗ ಖರೇ ಹೇಳಿಬಿಡು."

"ಹೇಳ್ತೀನವ್ವಾ."

"ಯಾವಾಗ?"

ಕಂಠೆಪ್ಪ ಗುರುವಾರ ಎಂದ. ಅಂದು ಮಾಂತೇಶನಿಗೆ ವಾರದ ರಜೆ.

ಬಸ್ಸಿಗೆ ಹೋಗೋಣ ಎಂದಳು ಸಾವಂತ್ರೆವ್ವ. ಕಾರು ಕೆಟ್ಟಿದೆ ಎಂದು ಹೇಳಲು ಕಾರನ್ನೇ ಒಯ್ಯದಿದ್ದರೆ ಯಾರು ನಂಬುತ್ತಾರೆ ಎಂದ ಕಂಠೆಪ್ಪ. ಅದರಲ್ಲಿ ನ್ಯಾಯವಿತ್ತು. ಅದಕ್ಕಿಂತ ಹೆಚ್ಚಾಗಿ, ಕಾರು ಇಟ್ಟುಕೊಂಡು ಬಸ್ಸಿಗೆ ಹೋದರೆ ಇಸ್ಮಾಯಿಲ ಏನಂದಾನು ಎಂಬ ಯೋಚನೆಯೂ ಇತ್ತು. ಹಿಂದಿನ ಸೀಟಿನಲ್ಲಿ ಅಂಬಿಕಾಳ ಚೀಲ, ಮುಂದಿನ ಸೀಟಿನಲ್ಲಿ ಸಾವಂತ್ರೆವ್ವ, ಅವಳ ಮಡಿಲಲ್ಲಿ ಗಾಲಿಗೆ ಕೊಡುವ ಕಲ್ಲು. ಬೋರಿಯ ಸೇತುವೆ ದಾಟಿ ಎಲ್ಲಿಯೂ ನಿಲ್ಲದೆ ಮಡ್ಕಯಿ ಮುಟ್ಟಿದರು. ದಾರಿಯಲ್ಲಿ ಒಂದು ಎಮ್ಮೆ ಅಡ್ಡ ಬಂದಾಗ ಮಾತ್ರ ಸಾವಂತ್ರೆವ್ವ ಕಣ್ಣು ಮುಚ್ಚಿಕೊಂಡಿದ್ದಳು.

ಮಾಂತೇಶನ ಚಾಳು ಸ್ವಲ್ಪ ಏರಿನ ಮೇಲೆ, ಒಂದೇ ವಾಹನ ಹಿಡಿಸುವಂಥ ಓಣಿಯಲ್ಲಿತ್ತು. ಕಂಠೆಪ್ಪ ಗೇರು ಬಿಡಿಸಿ ರೇಸು ಒತ್ತಿ ಹಿಡಿದ. ಗಾಡಿ ಬಾಗಿಲ ಮುಂದೆ ಮೆತ್ತಗೆ ನಿಂತಿತು. ಸಾವಂತ್ರೆವ್ವ ಇಳಿದು ಕಲ್ಲು ಕೊಟ್ಟಳು. ಎಂಜಿನ್ನು ಚಾಳಿನ ಹಂಚು ಅದುರುವಂತೆ ಅರಚುತ್ತಿತ್ತು. ಹನ್ನೆರಡೂ ಮನೆಯವರು ಹೊರಗೆ ಬಂದರು. ಮಾಂತೇಶ ಬನಿಯನ್ನಿನಲ್ಲೇ ಬಂದು ಹೊಸ್ತಿಲ ಮೇಲೆ ಕೈಕಟ್ಟಿ ನಿಂತ.

ಕಂಠೆಪ್ಪ ಮೂರು ದಿನದಿಂದ ಮಾತು ಜೋಡಿಸಿಕೊಂಡಿದ್ದ. ಈಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಲಗಾಲನ್ನು ರೇಸಿನ ಮೇಲೆ ಒತ್ತಿಟ್ಟುಕೊಂಡೇ, ಕೂಗಿದ: "ಮಾಂತೇಶಾ, ನಂದ ತಪ್ಪಾತೋ!"

"ಏನು?"

"ತಪ್ಪಾತು!"

"ಯಾರದ ತಪ್ಪು?" ಮಾಂತೇಶನ ಮುಖ ಕೆಂಪಾಯಿತು. "ಬಿಸಲಾಗ ನಿಂತಿದ್ದು ನಮ್ಮ ತಪ್ಪೇನು?"

"ನೀ ಅಲ್ಲೋ! ನಾ! ಗಾಡಿ ನಿಂದರಂಗಿಲ್ಲ!"

"ಈಗೂ ನಿಂದರಂಗಿಲ್ಲೇನು?" ಮಾಂತೇಶ ಚಾಳಿನವರ ಕಡೆ ತಿರುಗಿದ. "ಕೇಳಿದ್ರಿಲ್ಲೋ? ಮನಿ ಬಾಗಲಕ್ಕ ಬಂದೂ ನೆಲಕ್ಕ ಕಾಲ ಇಡವಲ್ರು. ಕುಂತಲ್ಲೇ ಹುಕುಂ!"

"ಇಳೀರಿ!" ಎಂದು ಸಾವಂತ್ರೆವ್ವ ಕೂಗಿದಳು.

"ಇಳದ್ರ ಬಂದ್ ಬೀಳ್ತೈತಲ!"

"ಬೀಳಲಿ!"

ಮಾಂತೇಶ ಮೂರು ಹೆಜ್ಜೆಗೆ ಬಂದು, ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿ ಕಿತ್ತುಕೊಂಡ. ಓಣಿಯಲ್ಲಿ ಒಮ್ಮೆಗೇ ಸದ್ದಡಗಿತು. ಎಲ್ಲೋ ಒಂದು ಕುಕ್ಕರ್ ಸೀಟಿ ಹೊಡೆದದ್ದು ಕೇಳಿಸಿತು. ಕಂಠೆಪ್ಪ ಇಳಿದ. ಅವನ ಬಲಗಾಲು ತಾನಾಗಿಯೇ ನಡುಗುತ್ತಿತ್ತು.

"ಇದು ಕೆಟ್ಟೈತೋ ಮಾಂತೇಶಾ," ಎಂದ. ಕೂಗಬೇಕಾಗಿರಲಿಲ್ಲ, ಆದರೆ ರೂಢಿಯಿಂದ ಕೂಗಿದ. ಆಮೇಲೆ ದನಿ ಇಳಿಸಿದ. "ತಂದ ನಾಕನೇ ದಿನದಿಂದ ಕೆಟ್ಟೈತಿ. ಕಾದ ಮ್ಯಾಲ ಕಾಲ ತಗದ್ರ ಸಾಯ್ತೈತಿ. ಅದಕ್ಕ ಯಾರಿಗೂ ನಿಂದರಸಂಗಿಲ್ಲ. ಇಸ್ಮಾಯಿಲಗ ನಿಂದರಸಲಿಲ್ಲ, ಭೀಮಿಬಾಯಿಗೆ ನಿಂದರಸಲಿಲ್ಲ, ನಿನಗೂ ನಿಂದರಸಾಕ ಆಗ್ಲಿಲ್ಲ. ಎರಡ ತಿಂಗಳಾತು, ಕಾಲ ಕೆಳಗ ಇಟ್ಟಿಲ್ಲ ನಾ."

ಮಾಂತೇಶ ನಂಬಲಿಲ್ಲ. ತಾನೇ ಕೂತು ಕೀಲಿ ಹಾಕಿ ತಿರುಗಿಸಿದ. ಕರ್ರ್, ಕರ್ರ್. ಇನ್ನೊಮ್ಮೆ ತಿರುಗಿಸಿದ. ಕರ್ರ್. ಆಗ ಅವನ ಹುಬ್ಬು ಕೂಡಿದವು. ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೆ ಹದಿನೆಂಟು ವರ್ಷ ಮಷೀನು ರಿಪೇರಿ ಮಾಡಿದ ಕೈಗಳಿಗೆ ಸಿಟ್ಟಿನ ಸಂಬಂಧವಿರುವುದಿಲ್ಲ. ಅವು ಆಗಲೇ ಬಾನೆಟ್ ಎತ್ತಿದ್ದವು.

"ಪ್ಲಗ್ ನೋಡಿದ್ರೇನು?"

"ಬದಲಿ ಮಾಡ್ಸೀನಿ."

"ಕಾರ್ಬೋರೇಟರ್?"

"ತೊಳಿಸೀನಿ."

ಮಾಂತೇಶ ವೈರುಗಳನ್ನು ಒಂದೊಂದಾಗಿ ಜಗ್ಗಿದ. ಬೆರಳು ಸುಟ್ಟುಕೊಂಡ, ಬಾಯಲ್ಲಿಟ್ಟುಕೊಂಡ. ಕೊನೆಗೆ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಕಪ್ಪು ಡಬ್ಬಿಯನ್ನು, ಅದೇ ಡಿಸ್ಟ್ರಿಬ್ಯೂಟರನ್ನು, ಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಿದ. ಅದು ಉಪ್ಪಿನಕಾಯಿ ಭರಣಿಯ ಮುಚ್ಚಳದಂತೆ ಸುಮ್ಮನೆ ತಿರುಗಿತು.

"ಹ್ಹಾ," ಎಂದ. "ಇದರ ಬೋಲ್ಟ್ ಸಡ್ಲ ಆಗೈತಿ. ಗಾಡಿ ಓಡಿ ನಡಗಿದಂಗ ಇದು ಸರಕೋತ ಹೋಗತೈತಿ. ಕಿಡಿ ಹತ್ತೂ ಹೊತ್ತಿಗೆ ಹತ್ತವಲ್ದು. ತಣ್ಣಗಿದ್ದಾಗ ಚೋಕ್ ಮ್ಯಾಲ ಹೆಂಗೋ ನಡೀತೈತಿ, ಕಾದಮ್ಯಾಲ ಸಾಯ್ತೈತಿ. ಟೈಮಿಂಗ್ ತಪ್ಪೈತಿ, ಮತ್ತೇನಿಲ್ಲ."

"ಮೋತಿಲಾಲನೂ ಹಂಗ ಅಂದಿದ್ದ!" ಎಂದಳು ಸಾವಂತ್ರೆವ್ವ. "ಅದಕ್ಕ ನಾ ಮೂರು ಶನಿವಾರ ಉಪಾಸ ಇದ್ದೀನಿ."

ಮಾಂತೇಶ ಅಕ್ಕನ ಮುಖವನ್ನೇ ನೋಡಿದ. "ಉಪಾಸದ ಬದ್ಲಿ ಒಂದ್ ಪಾನಾ ಹಾಕಿ ಬಿಗಿ ಮಾಡಿದ್ರ ಸಾಕಾಗ್ತಿತ್ತಕ್ಕಾ." ಬೋಲ್ಟು ಬಿಗಿಯುವ ಪಾನಾ ತರಲು ಒಳಗೆ ಹೋದವನು ಹೊಸ್ತಿಲಲ್ಲಿ ನಿಂತು ತಿರುಗಿದ. ಈಗ ಅವನ ದನಿಯಲ್ಲಿ ಸಿಟ್ಟಿಗಿಂತ ಬೇರೆಯೇ ಒಂದು ನೋವಿತ್ತು. "ಮಾವ, ನಾ ಫಿಟ್ಟರ್ ಅದೇನಿ. ಮನಿಯಾಗ ಫಿಟ್ಟರ್ ಇಟ್ಕೊಂಡು ಎರಡ ತಿಂಗಳ ನನಗ ಒಂದ್ ಫೋನ್ ಹಚ್ಚಲಿಲ್ಲ. ಯಾಕ?"

ಕಂಠೆಪ್ಪ ಗಾಲಿಯ ಕೆಳಗಿನ ಕಲ್ಲನ್ನು ನೋಡಿದ.

"ಹೊಸಾದ್ರಂಗ ಐತಿ ಅಂದಿದ್ದೆ," ಎಂದ. "ನಿನಗೂ ಫೋನಿನ್ಯಾಗ ಹಂಗ ಅಂದಿದ್ದೆ."

"ಹೌದ್ರಿ, ಅಂದಿದ್ರಿ."

"ಮಂದಿ ಸೊಕ್ಕು ಬಂದೈತಿ ಅಂದ್ರು. ಬಂದಿದ್ದು ಖರೇನ. ಅವರು ಅಂದ ಜಾಗಾದಾಗ ಇರಲಿಲ್ಲ, ಅಷ್ಟ."

ಮಾಂತೇಶ ಒಳಗೆ ಹೋಗಿ ಪಾನಾ ತಂದ. ಡಬ್ಬಿಯನ್ನು ಅಂದಾಜಿನಲ್ಲಿ ಹಿಂದಕ್ಕೆ ತಿರುಗಿಸಿ "ಹಚ್ಚರಿ" ಎಂದ. ಕಂಠೆಪ್ಪ ಕೂತು ಕೀಲಿ ತಿರುಗಿಸಿದ. ಬಿಸಿ ಎಂಜಿನ್ನು ಎರಡು ತಿಂಗಳಲ್ಲಿ ಮೊದಲ ಸಲ, ಮೊದಲ ಹೊಡೆತಕ್ಕೇ ಎದ್ದಿತು. ಮಾಂತೇಶ ತಲೆ ಓರೆ ಮಾಡಿ ಕೇಳುತ್ತ ಡಬ್ಬಿಯನ್ನು ಎಳ್ಳುಕಾಳಿನಷ್ಟು ಈಚೆ, ಎಳ್ಳುಕಾಳಿನಷ್ಟು ಆಚೆ ಸರಿಸಿದ. ಒಂದು ಕಡೆ ನಡುಗು ಕರಗಿ ಸದ್ದು ದುಂಡಗಾಯಿತು. ಅಲ್ಲೇ ಬೋಲ್ಟು ಬಿಗಿದ.

"ಕಾಲ ತಗೀರಿ, ಮಾವ."

ಕಂಠೆಪ್ಪ ತೆಗೆಯಲಿಲ್ಲ.

"ತಗೀರಿ."

"ಸಾಯ್ತೈತೋ."

"ತಗೀರಿ ಅಣ್ಣಾರ," ಎಂದಳು ಅಂಬಿಕಾ, ನಾಲ್ಕು ದಿನದಲ್ಲಿ ಮೊದಲ ಸಲ ಅವನೊಡನೆ ಮಾತಾಡುತ್ತ. "ತಗೀರಿ, ತಗೀರಿ," ಎಂದಿತು ಚಾಳು. ಕಂಠೆಪ್ಪ ಎರಡೂ ಕೈಯಿಂದ ತನ್ನ ತೊಡೆ ಹಿಡಿದು ಕಾಲನ್ನು ಎತ್ತಿದ. ಎಂಜಿನ್ನು ನಿಲ್ಲಲಿಲ್ಲ. ಉಂಡು ಮಲಗಿದ ಬೆಕ್ಕಿನಂತೆ ಗುರುಗುಡುತ್ತಲೇ ಇತ್ತು. ಯಾರೋ ಚಪ್ಪಾಳೆ ತಟ್ಟಿದರು.

"ಅರ್ಧಾ ತಾಸು ಹಂಗ ಬಿಡ್ರಿ," ಎಂದ ಮಾಂತೇಶ. "ಬೋಲ್ಟ್ ಮತ್ತ ಸರಿತೈತೇನೋ ನೋಡೂನು. ನೀವು ಗಾಡಿಯಾಗ ಕುಂದರ್‍ರಿ. ಕಾಲ ಅಷ್ಟ ಇಡಬ್ಯಾಡ್ರಿ."

ಮನೆಯೊಳಗೆ ಅಕ್ಕ ತಮ್ಮ ಮಾತಿಗೆ ಕೂತರು. ಅಂಬಿಕಾ ತನ್ನ ಚೀಲ ಬಿಚ್ಚಿದಳು. ಗೀತಾಂಜಲಿಗೆಂದು ತಂದಿದ್ದ ಸೀರೆ ಚೆನ್ನಾಗಿಯೇ ಇತ್ತು, ಪೇಡೆ ಮಾತ್ರ ನಾಲ್ಕು ದಿನ ಕಾರಿನಲ್ಲಿದ್ದು ಹುಳಿ ಬಂದಿತ್ತು. ಮಾಂತೇಶ ಸಾಂಖಳಿಗೆ ಫೋನು ಹಚ್ಚಿ ಸೋಮುವಿನ ತಂದೆಗೆ, "ನಾ ಹುಡಿಗಿ ಸೋದರಮಾವ ಮಾತಾಡಾಕತ್ತೇನ್ರಿ. ಈ ಐತವಾರ ಬರ್‍ರಿ. ನಾನ ಇರ್ತೀನಿ," ಎಂದ. ಫೋನು ಇಟ್ಟವನೇ ಅಕ್ಕನ ಕಡೆ ನೋಡದೆ, "ಬಸ್ಸಿಗೆ ಬರ್ತೀವಿ," ಎಂದೂ ಸೇರಿಸಿದ. ಸಾವಂತ್ರೆವ್ವ ಕಣ್ಣೊರೆಸಿಕೊಂಡಳು.

ಚಹಾ ಆಯಿತು. ಕರೆಯಲು ಹೋದ ಅಂಬಿಕಾ ಮರಳಿ ಬಂದು, "ಅಣ್ಣಾರು ಮಲಗ್ಯಾರ," ಎಂದಳು.

ಎಲ್ಲರೂ ಬಾಗಿಲಿಗೆ ಬಂದರು. ಕಾರಿನ ನಾಲ್ಕೂ ಕಿಟಕಿ ತೆರೆದಿದ್ದವು. ಕಂಠೆಪ್ಪ ಸೀಟಿಗೆ ಒರಗಿ, ಬಾಯಿ ತೆರೆದು, ಬಲಗಾಲನ್ನು ಎಡಗಾಲಿನ ಮೇಲೆ ಭದ್ರವಾಗಿ ಹಾಕಿಕೊಂಡು ನಿದ್ದೆ ಹೋಗಿದ್ದ. ಎಂಜಿನ್ನಿನ ಗುರುಗುಡುವಿಕೆಗೂ ಅವನ ಗೊರಕೆಗೂ ತಾಳ ಕೂಡಿತ್ತು. ಸಾವಂತ್ರೆವ್ವ ಹೋಗಿ ಅಲ್ಲಾಡಿಸಬೇಕೆಂದಳು. ಮಾಂತೇಶ ಕೈಹಿಡಿದು ತಡೆದ.

ಆ ಹೊತ್ತಿಗೆ ನೀರಿನ ಟ್ಯಾಂಕರು ಓಣಿಯೊಳಗೆ ನುಗ್ಗಿ, ಕಾರಿನ ಹಿಂದೆ ನಿಂತು ಹಾರ್ನು ಹೊಡೆಯಿತು. ಡ್ರೈವರು ಕುತ್ತಿಗೆ ಹೊರಗೆ ಹಾಕಿದ. "ಯಾರದ್ರಿ ಗಾಡಿ? ದಾರಿ ಮ್ಯಾಲ ಬಂದ್ ಬಿದ್ದೈತೇನು?"

ಮಾಂತೇಶ ಹೊಸ್ತಿಲಿಳಿದು ಅವನ ಬಳಿಗೆ ಹೋದ. ಬೆರಳು ತುಟಿಗಿಟ್ಟು, ದನಿ ತಗ್ಗಿಸಿ ಹೇಳಿದ:

"ಗಾಡಿ ಚಾಲೂ ಐತ್ರಿ. ಮನಶ್ಯಾ ಬಂದ್ ಬಿದ್ದಾನ. ಒಂದ್ ಸ್ವಲ್ಪ ತಡೀರಿ."

ಡ್ರೈವರು ಕಾರಿನೊಳಗೆ ಇಣುಕಿ ನೋಡಿದ. ಬೆಳಗಿನಿಂದ ಇದು ಅವನ ಒಂಬತ್ತನೆಯ ಟ್ರಿಪ್ಪು. ಹೋಗಿ ಟ್ಯಾಂಕರಿನ ಎಂಜಿನ್ನು ಆರಿಸಿದ, ತಾನೂ ಸೀಟಿನ ಮೇಲೆ ಕಾಲು ನೀಡಿದ.